ಕೊನೆಯ ಹೊಲಕ್ಕೂ ನೀರು ಹರಿಯಬೇಕಾದರೆ

ತುಂಗಭದ್ರೆಯ ಎಡದಂಡೆ ಕಾಲುವೆಯು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿಯುತ್ತದೆ. ಅದರ ಬಾಯಿಯಲ್ಲಿ ಎಷ್ಟು ನೀರು ಬಿಟ್ಟರೆಂದು ತಿಳಿದರೆ ಸಾಲದು, ಕೊನೆಭಾಗದಲ್ಲಿ ಗೇಜು ಎಷ್ಟಿದೆಯೆಂಬುದೇ ಮುಖ್ಯವೆಂದು ಸಿಂಧನೂರಿನ ಕಡೆಯ ಯಾವ ರೈತನಾದರೂ ಹೇಳುವನು. ಸರ್ಕಾರಿ ಶಾಲೆಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಎಷ್ಟು ಕೊಠಡಿಗಳನ್ನು ಕಟ್ಟಿದರು, ಎಷ್ಟು ಪುಸ್ತಕಗಳನ್ನು ಹಂಚಿದರು ಎಂಬುದು ಕಾಲುವೆಯ ಬಾಯಿಯ ಲೆಕ್ಕ. ಹಿಂದಿನ ಸಾಲಿನಲ್ಲಿ ಕುಳಿತ ಮಗು ಓದಬಲ್ಲುದೇ ಎಂಬುದು ಕೊನೆಯ ಹೊಲದ ಲೆಕ್ಕ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಸೇರಿದ ರಾಯಚೂರು ಜಿಲ್ಲೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. ಆ ಕಾಲದಲ್ಲಿ ಮೇಲಿನ ತರಗತಿಗಳ ಬೋಧನಮಾಧ್ಯಮ ಉರ್ದು. ಕನ್ನಡ ಮನೆಯ ಮಗು ಪರಭಾಷೆಯ ಮೂಲಕವೇ ವಿದ್ಯೆಯನ್ನು ಪಡೆಯಬೇಕಾಗಿದ್ದಿತು. ಹೀಗೆ ತಡವಾಗಿ ಆರಂಭವಾದ ಓಟದ ಪರಿಣಾಮವು ಇಂದಿಗೂ ಅಳಿದಿಲ್ಲ. 2002ರಲ್ಲಿ ವರದಿಯನ್ನೊಪ್ಪಿಸಿದ ಡಾ. ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಸಿಂಧನೂರು, ಲಿಂಗಸುಗೂರುಗಳೆರಡೂ ಇದ್ದುವು. ಮಸ್ಕಿ ಪಟ್ಟಣವು ಆಗ ಲಿಂಗಸುಗೂರು ತಾಲ್ಲೂಕಿಗೇ ಸೇರಿದ್ದಿತು. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇಕಡ 75ನ್ನು ದಾಟಿದ್ದರೆ, ರಾಯಚೂರು ಜಿಲ್ಲೆಯದು ಶೇಕಡ 60ನ್ನೂ ಮುಟ್ಟಿರಲಿಲ್ಲ. ಅಲ್ಲಿಯ ಹೆಂಗಸರಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಮೆ.

ಪ್ರಯತ್ನಗಳೇ ನಡೆದಿಲ್ಲವೆಂದಲ್ಲ. ಮಧ್ಯಾಹ್ನದ ಬಿಸಿಯೂಟ, ಎಂದರೆ ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಕಿರಿಯ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು ವಿಧಿಸಿತು. 2013ರಿಂದ ಸಂವಿಧಾನದ 371-ಜೆ ವಿಧಿಯು ಈ ಭಾಗದವರಿಗೆ ಉನ್ನತ ಶಿಕ್ಷಣದಲ್ಲಿಯೂ ಸರ್ಕಾರಿ ಉದ್ಯೋಗಗಳಲ್ಲಿಯೂ ಮೀಸಲು ಸ್ಥಾನಗಳಿಗೆ ದಾರಿ ಮಾಡಿಕೊಟ್ಟಿತು. ಆದರೆ ಮೂರನೆಯ ತರಗತಿಯಲ್ಲಿ ಓದಲು ಕಲಿಯದ ಮಗುವಿಗೆ ಇಂಜಿನಿಯರಿಂಗ್ ಕಾಲೇಜಿನ ಮೀಸಲು ಸ್ಥಾನದಿಂದ ಏನು ಪ್ರಯೋಜನ? ಆ ಸ್ಥಾನದವರೆಗೆ ಅದು ನಡೆದು ಬರುವುದೇ ಇಲ್ಲ.

ಹಾಗಾದರೆ ನೀರು ಎಲ್ಲಿ ಸೋರುತ್ತಿದೆ? ಇಲ್ಲಿ ಅಳತೆಯ ಪ್ರಶ್ನೆ ಬರುತ್ತದೆ. ಐದನೆಯ ತರಗತಿಯೊಂದರಲ್ಲಿ 40 ಮಕ್ಕಳಿರುವರೆಂದು ಭಾವಿಸೋಣ. ಇಪ್ಪತ್ತು ಮಕ್ಕಳಿಗೆ 80 ಅಂಕಗಳು, ಉಳಿದ ಇಪ್ಪತ್ತು ಮಕ್ಕಳಿಗೆ 20 ಅಂಕಗಳು ಬಂದುವು. ಸರಾಸರಿ 50. ಆದರೆ 50 ಅಂಕ ಪಡೆದ ಮಗು ಆ ಕೊಠಡಿಯಲ್ಲಿ ಒಂದೂ ಇಲ್ಲ! ಸರಾಸರಿಯನ್ನು ನೋಡಿ ಪಾಠ ಮಾಡುವ ಶಿಕ್ಷಕರು ಇಲ್ಲದ ಮಗುವಿಗೆ ಪಾಠ ಮಾಡಿದಂತಾಗುವುದು. ಕೆಲವರಿಗೆ ಅದು ಬೇಸರ, ಕೆಲವರಿಗೆ ಅರ್ಥವಾಗದ ಮಂತ್ರ.

ಈ ತೊಡಕನ್ನು ಬಿಡಿಸಲು ಪ್ರಯೋಗವೊಂದು ನಡೆಯಿತು. 2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರ ನಗರಗಳ ಸರ್ಕಾರಿ ಶಾಲೆಗಳಲ್ಲಿ 'ಪ್ರಥಮ್' ಸಂಸ್ಥೆಯು 'ಬಾಲಸಖಿ'ಯರನ್ನು ನೇಮಿಸಿತು. ಇವರು ಆಯಾ ನೆರೆಹೊರೆಯ ತರುಣಿಯರು. ಹಿಂದುಳಿದ 15-20 ಮಕ್ಕಳನ್ನು ದಿನಕ್ಕೆ ಎರಡು ಗಂಟೆಗಳ ಕಾಲ ಬೇರೆ ಕೂರಿಸಿಕೊಂಡು ಓದು, ಲೆಕ್ಕಗಳ ತಳಪಾಯವನ್ನು ಕಲಿಸಿದರು. ಯಾವ ಶಾಲೆಯ ಯಾವ ತರಗತಿಗೆ ಬಾಲಸಖಿ ಹೋಗಬೇಕೆಂಬುದನ್ನು ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. ಇದೇಕೆ? ಒಳ್ಳೆಯ ಶಾಲೆಗಳನ್ನೇ ಆರಿಸಿಕೊಂಡರೆ, ಏಳಿಗೆಯು ಬಾಲಸಖಿಯಿಂದ ಬಂದುದೋ ಶಾಲೆಯ ಹಿರಿಮೆಯಿಂದ ಬಂದುದೋ ತಿಳಿಯದು. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಾವು ಉಳಿದ ಅಂಶಗಳನ್ನು ಸ್ಥಿರವಾಗಿರಿಸಿ ಒಂದನ್ನು ಮಾತ್ರ ಬದಲಿಸುವುದಿಲ್ಲವೇ? ಇದೂ ಅದೇ ತತ್ತ್ವ.

ಬಾಲಸಖಿಯರಿದ್ದ ತರಗತಿಗಳ ಮಕ್ಕಳು ಉಳಿದವರಿಗಿಂತ ಹೆಚ್ಚು ಕಲಿತರು. ಇನ್ನೊಂದು ಸಂಗತಿಯು ಮತ್ತೂ ಸ್ವಾರಸ್ಯಕರ. ಹಿಂದುಳಿದವರು ಹೊರಗೆ ಹೋದಾಗ ತರಗತಿ ಚಿಕ್ಕದಾಯಿತಷ್ಟೆ. ಆದರೆ ಅಲ್ಲಿಯೇ ಉಳಿದ ಮಕ್ಕಳ ಕಲಿಕೆಯಲ್ಲಿ ಹೇಳಿಕೊಳ್ಳುವಂತಹ ಏರಿಕೆ ಕಾಣಲಿಲ್ಲ. ಆದುದರಿಂದ ಮಕ್ಕಳ ಸಂಖ್ಯೆ ಇಳಿದುದರಿಂದ ಫಲ ಬಂದುದಲ್ಲ. ಮಗು ಎಲ್ಲಿದೆಯೋ ಅಲ್ಲಿಂದಲೇ ಪಾಠ ಆರಂಭವಾದುದರಿಂದ ಬಂದುದೆಂದು ಊಹಿಸಬಹುದು. ಈ ಅಧ್ಯಯನವನ್ನು ನಡೆಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇಬ್ಬರೂ 2019ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರದಲ್ಲಿ ಪಾಲುದಾರರಾದರು.

ನಮ್ಮ ಮೂರು ತಾಲ್ಲೂಕುಗಳ ತರಗತಿಯಲ್ಲಿ ಅಂತರಗಳು ಇನ್ನೂ ಹೆಚ್ಚು. ಸಿಂಧನೂರಿನ ಸುತ್ತ ಕಾಲುವೆಯ ನೀರನ್ನರಸಿ ಬಂದ ತೆಲುಗರ ಕ್ಯಾಂಪುಗಳಿವೆ. ನಿರಾಶ್ರಿತರಾಗಿ ಬಂದು ನೆಲೆಸಿದ ಬಂಗಾಳಿಗಳ ಕ್ಯಾಂಪುಗಳಿವೆ. ಲಿಂಗಸುಗೂರಿನ ಕಡೆ ಲಂಬಾಣಿ ತಾಂಡಾಗಳಿವೆ. ಮನೆಮಾತು ಬೇರೆ, ಶಾಲೆಯ ಮಾತು ಬೇರೆ. ದುಡಿಮೆಗಾಗಿ ತಂದೆತಾಯಿಗಳು ಗುಳೆ ಹೋದರೆ ಮಗುವೂ ಅವರ ಹಿಂದೆ ಹೋಗಿ, ತಿಂಗಳುಗಳ ಪಾಠವನ್ನು ಕಳೆದುಕೊಂಡು ಹಿಂದಿರುಗುವುದು. ಇಂತಹ ಮಗುವಿಗೆ ವಯಸ್ಸಿನಿಂದ ಐದನೆಯ ತರಗತಿಯಾದರೂ ಓದಿನಿಂದ ಒಂದನೆಯದೇ ಆಗಿರಬಹುದು.

ಆದುದರಿಂದ ಮೊದಲು ಬೇಕಾದುದು ಗೇಜು: ಪ್ರತಿ ಮಗುವೂ ಅಕ್ಷರವನ್ನು ಓದಬಲ್ಲುದೇ, ಪದವನ್ನೇ, ವಾಕ್ಯವನ್ನೇ ಎಂದು ಕೆಲವೇ ನಿಮಿಷಗಳಲ್ಲಿ ನೋಡಿ ಬರೆದಿಡುವುದು. ಎರಡನೆಯದು, ದಿನಕ್ಕೆ ಒಂದೆರಡು ಗಂಟೆಗಳ ಕಾಲ ತರಗತಿಯ ಗಡಿಯನ್ನು ಮರೆತು ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸುವುದು. ಮೂರನೆಯದು, ಮತ್ತೆ ಅಳೆಯುವುದು. ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಬಾಲಸಖಿಯರಲ್ಲಿ ಬಹುಮಂದಿ ಪ್ರೌಢಶಾಲೆಯವರೆಗೆ ಓದಿದವರಷ್ಟೆ. ವಿದ್ಯಾರ್ಥಿಗಳೇ, ಅಷ್ಟು ವಿದ್ಯೆ ನಿಮ್ಮಲ್ಲಿಯೂ ಇದೆ. ರಜೆಯಲ್ಲಿ ನಿಮ್ಮ ಓಣಿಯ ಹತ್ತು ಮಕ್ಕಳೊಡನೆ ಇದನ್ನು ಮಾಡಿ ನೋಡಬಹುದು. ಆದರೆ ಮೊದಲ ದಿನದ ಅಳತೆಯನ್ನು ಬರೆದಿಡಲು ಮರೆಯಬಾರದು. ಅದಿಲ್ಲದೆ ಕೊನೆಯ ದಿನದ ಅಳತೆಗೆ ಅರ್ಥವಿಲ್ಲ.

1915ರಲ್ಲಿ ಮಸ್ಕಿಯ ಬಂಡೆಯೊಂದರಲ್ಲಿ ಶಾಸನವು ಪತ್ತೆಯಾಗಿ, 'ದೇವಾನಾಂಪ್ರಿಯ'ನೆಂಬ ಬಿರುದಿನವನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಇದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಆ ಶಾಸನದ ತಿರುಳು ಅಷ್ಟಾಗಿ ಪ್ರಚಾರದಲ್ಲಿಲ್ಲ: ಉನ್ನತಿಯು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ಶ್ರಮಿಸಿದರೆ ಚಿಕ್ಕವರಿಗೂ ಅದು ಸಾಧ್ಯ, ಈ ಮಾತನ್ನು ಇಬ್ಬರಿಗೂ ತಿಳಿಸಬೇಕು ಎಂಬುದೇ ಅದರ ಆಶಯ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ನೆಲದ ಕಲ್ಲಿನಲ್ಲಿ ಕೆತ್ತಿದ ಮಾತನ್ನು, ಇಲ್ಲಿಯ ಪ್ರತಿಯೊಂದು ಮಗುವೂ ತನ್ನ ಪುಸ್ತಕದಲ್ಲಿ ತಾನೇ ಓದಿಕೊಳ್ಳುವಂತಾಗಬೇಕು.