ಕಲೆಗೂ ಕಸುಬಿಗೂ ನಡುವೆ ಗೆರೆ ಎಲ್ಲಿದೆ?

ಕಲೆಗೆ ಎಲ್ಲರೂ ಒಪ್ಪುವ ವ್ಯಾಖ್ಯೆ ಇದುವರೆಗೆ ಸಿಕ್ಕಿಲ್ಲ. ಹೊಸ ಕೃತಿಗಳು ಹಳೆಯ ಗಡಿಯನ್ನು ದಾಟುತ್ತಲೇ ಇರುವುದರಿಂದ ಅಂಥ ವ್ಯಾಖ್ಯೆ ಸಾಧ್ಯವೇ ಇಲ್ಲವೆಂದು ಅಮೆರಿಕದ ತತ್ತ್ವಶಾಸ್ತ್ರಜ್ಞ ಮಾರಿಸ್ ವೈಟ್ಜ್ 1956ರಲ್ಲಿ ವಾದಿಸಿದರು. ಕಸುಬುದಾರನಿಗೆ ತಾನು ಮಾಡಲಿರುವ ವಸ್ತು ಹೇಗಿರಬೇಕೆಂದು ಮೊದಲೇ ಗೊತ್ತಿರುತ್ತದೆ, ಕಲಾವಿದನಿಗೆ ಅದು ಮಾಡುತ್ತ ಮಾಡುತ್ತ ತಿಳಿಯುತ್ತದೆ ಎಂಬುದು ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞ ಕಾಲಿಂಗ್‌ವುಡ್ 1938ರಲ್ಲಿ ಮಂಡಿಸಿದ ಭೇದ.

ಹಾನಗಲ್ಲಿನ ತಾರಕೇಶ್ವರ ದೇವಾಲಯದಲ್ಲಿ ಈ ಭೇದ ಪೂರ್ತಿ ನಿಲ್ಲುವುದಿಲ್ಲ. ಕಲ್ಯಾಣ ಚಾಲುಕ್ಯ ಶೈಲಿಯ ಈ ಗುಡಿಯ ಮಂಟಪದ ಎಂಟು ಮೂಲೆಯ ಛಾವಣಿಯಲ್ಲಿ ಕಲ್ಲಿನ ಸಾಲುಗಳು ಒಂದರ ಮೇಲೊಂದು ಒಳಚಾಚುತ್ತ ಗುಮ್ಮಟವಾಗಿ ಏರುತ್ತವೆ, ನಡುವೆ ಕಮಲ. ಅಳತೆ ತಪ್ಪಿದರೆ ಕಲ್ಲು ಕೂರುವುದಿಲ್ಲ. ಹಾಗಾಗಿ ಮೊದಲೇ ಲೆಕ್ಕ ಬೇಕು, ಎಂದರೆ ಕಸುಬು ಬೇಕು. ಆದರೂ ತಲೆಯೆತ್ತಿ ನೋಡಿದವರಾರೂ ಅದನ್ನು ಬರೀ ಕಸುಬು ಎನ್ನಲಾರರು. ನಮ್ಮ ಪರಂಪರೆ ಅರವತ್ನಾಲ್ಕು ಕಲೆಗಳಲ್ಲಿ ಸಂಗೀತದ ಜೊತೆಗೆ ಬಡಗಿತನವನ್ನೂ ಎಣಿಸಿತ್ತು.

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಹಳ್ಳಿಯ ದುಡಿಮೆಯ ಜನರನ್ನೇ ಶಿಲ್ಪಗಳಾಗಿಸಿದರು. ಕಂಬಾರ ಬಡಿದ ಕುಳ ಹೊಲಕ್ಕೆ ಹೋಗುತ್ತದೆ; ಈ ಶಿಲ್ಪಗಳು ಇರುವುದು ನೋಡುವುದಕ್ಕೆ, ಮರೆಯಾಗುತ್ತಿರುವ ಬದುಕನ್ನು ನೆನೆಯುವುದಕ್ಕೆ. ವ್ಯತ್ಯಾಸವಿರುವುದು ಉದ್ದೇಶದಲ್ಲಿ. ಎರಡಕ್ಕೂ ಬೇಕಾದ ಕೈಯ ಪಳಗುವಿಕೆಯಲ್ಲಿ ಮೇಲುಕೀಳು ಹುಡುಕುವುದು ತಪ್ಪು.