ನಮ್ಮ ಸೀಮೆಯ ಹೈಸ್ಕೂಲು ಮೈದಾನ

ಆದವಾನಿ ಎಂದೊಡನೆ ಹೊರ ಊರಿನ ನಮ್ಮ ಬಂಧುಗಳಿಗೆ ನೆನಪಾಗುವುದು ಹತ್ತಿ, ಶೇಂಗಾ, ಜಿನ್ನಿಂಗ್ ಫ್ಯಾಕ್ಟರಿ ಮತ್ತು ಮಾರ್ಕೆಟ್ ಯಾರ್ಡು. ಸಂಬಂಧ ಮಾತಾಡಲು ಬಂದ ಬೀಗರು ಕೂಡ ಮೊದಲು ಕೇಳುವುದು ಹತ್ತಿಯ ಧಾರಣೆಯನ್ನೇ. ಅದು ಸಹಜ. ಆದರೆ ಈ ಸೀಮೆಯಲ್ಲಿ ಹತ್ತಿಯಂತೆಯೇ ಮಳೆಯನ್ನು ನಂಬಿಕೊಂಡು ನಡೆಯುವ ಇನ್ನೊಂದು ಸಂಗತಿ ಇದೆ. ಅದು ಹೈಸ್ಕೂಲು ಮಕ್ಕಳ ಆಟೋಟ. ಓಟ, ಜಿಗಿತ, ಖೋ-ಖೋ, ಕಬಡ್ಡಿಗೂ ಪೈರಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇದೆ. ಜೂನ್ ತಿಂಗಳಲ್ಲಿ ಡ್ರಿಲ್ ಮಾಸ್ತರು ಕಟ್ಟಿದ ತಂಡ ಜನವರಿಯಲ್ಲಿ ಊರಲ್ಲಿರುತ್ತದೋ ಇಲ್ಲವೋ ಎಂಬುದು ಇಲ್ಲಿ ಮಳೆಯ ಮೇಲೆಯೇ ನಿಂತಿದೆ. ಅಂಗಡಿಯ ಗಾದಿಯ ಮೇಲೆ ಕುಳಿತ ನಮ್ಮಂಥವರಿಗೆ ಇದು ಕಾಣುವುದು ಕಡಿಮೆ. ಆದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇವೆ.

ಊರಿನ ವಿಚಾರ ಮೊದಲು ಹೇಳಿಬಿಡುತ್ತೇವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು ಕರ್ನೂಲು ಜಿಲ್ಲೆಗೆ ಬಂದವು. 2022ರಲ್ಲಿ ನಂದ್ಯಾಲ ಬೇರೆ ಜಿಲ್ಲೆಯಾದ ಮೇಲೂ ನಾವು ಕರ್ನೂಲಿನಲ್ಲೇ ಉಳಿದೆವು. ಹೊಳಗುಂದ, ಕೌತಾಳಂ, ಹಾಲಹರವಿ, ಚಿಪ್ಪಗಿರಿ ಕಡೆಯ ಎಷ್ಟೋ ಊರುಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಮೈದಾನದಲ್ಲಿ ಮಾತ್ರ ಮೂರು ಭಾಷೆ. ಡ್ರಿಲ್ಲಿನ ಆಜ್ಞೆ ಇಂಗ್ಲಿಷಿನಲ್ಲಿ, ಗದರಿಕೆ ತೆಲುಗಿನಲ್ಲಿ, ‘ಓಡಲೇ, ಓಡು’ ಎಂದು ಗೆಳೆಯರು ಕೂಗುವುದು ಕನ್ನಡದಲ್ಲಿ.

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ, ಜೂನ್ 12ರ ಸುಮಾರಿಗೆ, ಆಂಧ್ರದ ಶಾಲೆಗಳು ತೆರೆಯುತ್ತವೆ. ಅದು ರೈತನಿಗೆ ಬಿತ್ತನೆಯ ಕಾಲ, ನಮಗೆ ಉದ್ರಿ ಬರೆಯುವ ಕಾಲ, ಡ್ರಿಲ್ ಮಾಸ್ತರಿಗೆ ಕಾಲು ನೋಡುವ ಕಾಲ. ಹೌದು, ಕಾಲು. ಹೊಸದಾಗಿ ಬಂದ ಮಕ್ಕಳನ್ನು ಸಾಲಾಗಿ ಓಡಿಸಿ, ಯಾರ ಹೆಜ್ಜೆ ಉದ್ದ, ಯಾರ ಮೊಣಕಾಲು ಚೆನ್ನಾಗಿ ಮೇಲೇಳುತ್ತದೆ ಎಂದು ನೋಡಿ ಆರಿಸುತ್ತಾರೆ. ನಾವು ಹತ್ತಿಯ ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ಉದ್ದ ನೋಡುವುದಿಲ್ಲವೇ, ಹಾಗೆಯೇ. ಪಳಗಿದ ಮಾಸ್ತರಿಗೆ ಗಡಿಯಾರ ಬೇಕಾಗಿಲ್ಲ.

ಹತ್ತಿಗೆ ಬಂಗಾರದಂತಿರುವ ನಮ್ಮ ಎರೆ ಭೂಮಿ ಓಟಕ್ಕೆ ಮಾತ್ರ ಶತ್ರು. ಒಂದು ಹದ ಮಳೆ ಬಿದ್ದರೆ ಸಾಕು, ಅಂಗಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಗರಸು ಹಾಕಿಸಿ ಗಟ್ಟಿ ಮಾಡಿದ ಮೈದಾನವಿದ್ದರೆ ಆ ಶಾಲೆಯ ಪುಣ್ಯ. ಓಟದ ಪೂರ್ತಿ ಸುತ್ತು 400 ಮೀಟರ್. ಅಷ್ಟು ಜಾಗ ಎಲ್ಲರಿಗೆಲ್ಲಿ ಬರಬೇಕು? ಸುಣ್ಣದ ಪುಡಿಯಲ್ಲಿ 200 ಮೀಟರಿನ ಸುತ್ತು ಎಳೆದು ಎರಡು ಸಲ ಓಡಿಸುವುದು ವಾಡಿಕೆ. ಎಲ್.ಎಲ್.ಸಿ. ಕಾಲುವೆ ಹಾಯ್ದ ಊರುಗಳಲ್ಲಿ ಕಾಲುವೆಯ ಏರಿಯೇ ಮೈದಾನ, ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಭತ್ತದ ಗದ್ದೆ. ನಡುವೆ ಓಡುವ ಹುಡುಗರಿಗೆ ಎಮ್ಮೆಗಳೇ ಹರ್ಡಲ್ಸು.

ಖೋ-ಖೋ, ಕಬಡ್ಡಿ ಇಲ್ಲಿ ಬೇರೂರಿದ್ದಕ್ಕೆ ಕಾರಣವೂ ಖರ್ಚಿನ ಲೆಕ್ಕವೇ. ಖೋ-ಖೋಗೆ ಬೇಕಾದದ್ದು ಎರಡು ಕಂಬ ಮತ್ತು ಒಂದಿಷ್ಟು ಸುಣ್ಣ. ಕಬಡ್ಡಿಗೆ ಕಂಬವೂ ಬೇಡ. ಈ ಬಡವರ ಖೋ-ಖೋಗೆ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆಯಿತು. ಗಂಡಸರ, ಹೆಂಗಸರ ಎರಡೂ ಫೈನಲುಗಳಲ್ಲಿ ನಮ್ಮ ದೇಶದವರು ನೇಪಾಳವನ್ನು ಸೋಲಿಸಿದರು. ಕ್ರಿಕೆಟ್ಟಿಗೆ ಅಂಗಡಿ ಬಾಗಿಲು ಹಾಕುವ ನಮ್ಮ ಬಜಾರಿನಲ್ಲಿ ಅಂದು ಒಂದು ಪಟಾಕಿಯ ಸದ್ದೂ ಕೇಳಲಿಲ್ಲ.

ಆಷಾಢ, ಶ್ರಾವಣಗಳಲ್ಲಿ ತಾಲೀಮು ಜೋರು. ಬೆಳಿಗ್ಗೆ ಶಾಲೆಗೆ ಮುಂಚೆ ಒಂದು ಗಂಟೆ, ಸಂಜೆ ಬಿಟ್ಟ ಮೇಲೆ ಒಂದು ಗಂಟೆ. ಸ್ಕೂಲ್ ಗೇಮ್ಸ್ ಫೆಡರೇಶನ್ ಎಂಬ ಸಂಸ್ಥೆ 1954ರಲ್ಲಿ ಸ್ಥಾಪನೆಯಾಯಿತು. ಅದರ ಲೆಕ್ಕದಂತೆ ಹೈಸ್ಕೂಲು ಮಕ್ಕಳು 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂದು ಎರಡು ಗುಂಪು. ಮಂಡಲದಲ್ಲಿ ಆರಿಸಿ ಬಂದವರು ಮುಂದಕ್ಕೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ಕೊನೆಗೆ ದೇಶದ ಪಂದ್ಯಕ್ಕೆ. ಆಗಸ್ಟ್ 15ರ ಧ್ವಜವಂದನೆ, 29ರ ಧ್ಯಾನ್‌ಚಂದರ ಜಯಂತಿ ಎರಡೂ ಇದೇ ಭರಾಟೆಯಲ್ಲಿ ಬರುತ್ತವೆ.

ಸಂಜೆಯ ತಾಲೀಮು ಎಂದರೆ ನಮ್ಮ ಮನೆಗಳ ತಾಯಂದಿರಿಗೆ ಒಂದು ತೊಡಕು. ಹೊತ್ತು ಮುಳುಗುವ ಮುಂಚೆ ಊಟವಾಗಬೇಕು, ಹುಡುಗ ಮೈದಾನದಿಂದ ಬಂದಿರುವುದಿಲ್ಲ. ಪರ್ಯೂಷಣ ಮತ್ತು ದಶಲಕ್ಷಣದ ದಿನಗಳೂ ಪಂದ್ಯಗಳ ಹೊತ್ತಿಗೇ ಬರುತ್ತವೆ. ಇಷ್ಟಕ್ಕೇ ಹೆದರಿ ಮಕ್ಕಳನ್ನು ಆಟದಿಂದ ಬಿಡಿಸುವವರಿದ್ದಾರೆ. ಇದು ನಮಗೆ ಸರಿ ಕಾಣುವುದಿಲ್ಲ. ನಾವು ಹೈಸ್ಕೂಲಿನಲ್ಲಿದ್ದ 1970ರ ದಶಕದಲ್ಲೂ ಇದೇ ಪ್ರಶ್ನೆ ಇತ್ತು. ನಮ್ಮ ತಂದೆಯವರು ಡ್ರಿಲ್ ಮಾಸ್ತರನ್ನು ಅಂಗಡಿಗೆ ಕರೆಸಿ, ‘ಹುಡುಗನ್ನ ಮುಂಜಾನೆ ಎಷ್ಟು ಬೇಕಾದ್ರೂ ಓಡಿಸ್ರಿ, ಸಂಜೀಗೆ ಐದೂವರೆಗೆ ಬಿಟ್ಟುಬಿಡ್ರಿ’ ಎಂದರು. ಮಾಸ್ತರು, ‘ಆಗ್ಲಿ ಸಾವ್ಕಾರ್ರೇ’ ಎಂದರು. ಅಷ್ಟಕ್ಕೇ ಮುಗಿಯಿತು. ಕೇಳಿದರೆ ಬೇಡ ಎನ್ನುವ ಮಾಸ್ತರನ್ನು ನಾವು ಈವರೆಗೆ ಕಂಡಿಲ್ಲ.

ರಿಲೇ ಓಟದ ವಿಷಯ ಒಂದಿಷ್ಟು ಹೇಳಬೇಕು, ಏಕೆಂದರೆ ನೋಡಲು ಅದಕ್ಕಿಂತ ಚೆಂದದ್ದು ಇಲ್ಲ. ನಾಲ್ಕು ಮಕ್ಕಳು ತಲಾ 100 ಮೀಟರ್ ಓಡಿ ಒಂದು ಕೋಲನ್ನು ಕೈಯಿಂದ ಕೈಗೆ ದಾಟಿಸಬೇಕು. ಗುರುತು ಹಾಕಿದ ಜಾಗದೊಳಗೇ ಕೋಲು ಕೈ ಬದಲಾಗಬೇಕು. ಆ ಜಾಗ ಮೊದಲು 20 ಮೀಟರ್ ಇತ್ತು, 2017ರ ಕೊನೆಯಿಂದ 30 ಮೀಟರ್ ಆಗಿದೆ. ತೆಗೆದುಕೊಳ್ಳುವವನು ಹಿಂದೆ ತಿರುಗಿ ನೋಡಬಾರದು ಎಂದು ಕಲಿಸುತ್ತಾರೆ. ಕೈ ಹಿಂದಕ್ಕೆ ಚಾಚಿ ಓಡುತ್ತಿರಬೇಕು, ಕೋಲು ಬಂದೇ ಬರುತ್ತದೆ ಎಂದು ನಂಬಬೇಕು. ಈ ನಂಬಿಕೆ ಬರಲು ಅದೇ ನಾಲ್ವರು ತಿಂಗಳುಗಟ್ಟಲೆ ಕೂಡಿ ಓಡಬೇಕು. ಒಬ್ಬ ಬದಲಾದರೂ ಲೆಕ್ಕ ಮೊದಲಿನಿಂದ. ತೂಕದಲ್ಲಿ ಗುಂಜಿಯ ಬೆಲೆ ಬಲ್ಲ ನಮ್ಮ ಜನಕ್ಕೆ ಇದು ಬೇಗ ತಿಳಿಯುತ್ತದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚಿನ ಪದಕ ತಪ್ಪಿದ್ದು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ. ಆ ನೂರನೆಯ ಭಾಗಕ್ಕಾಗಿಯೇ ಇಷ್ಟೆಲ್ಲ ತಾಲೀಮು.

ದಸರೆಗೆ ರಜೆ. ಹೊಳಗುಂದದ ಕಡೆಯ ಹುಡುಗರು ದೇವರಗಟ್ಟಿನ ಜಾತ್ರೆಗೆ ಊರಿಗೆ ಹೋಗುತ್ತಾರೆ. ವಿಜಯದಶಮಿಯ ರಾತ್ರಿ ಅಲ್ಲಿ ಸಾವಿರಾರು ಜನ ಬಡಿಗೆ ಹಿಡಿದು ಸೇರುವುದು, ತಲೆ ಒಡೆಯುವುದು ಪತ್ರಿಕೆಗಳಲ್ಲಿ ಪ್ರತಿ ವರ್ಷ ಬರುತ್ತದೆ. ನಮಗೆ ಅದು ಒಪ್ಪುವ ಮಾತಲ್ಲ. ಪಂದ್ಯ ಮುಂದಿಟ್ಟುಕೊಂಡ ಡ್ರಿಲ್ ಮಾಸ್ತರಿಗೆ ಮಾತ್ರ ಆ ರಾತ್ರಿ ನಿದ್ದೆ ಇರುವುದಿಲ್ಲವಂತೆ.

ಜಿಲ್ಲಾ ಆಯ್ಕೆಗೆ ಕರ್ನೂಲಿಗೆ ಹೋಗುವುದೆಂದರೆ ಆದವಾನಿಯಿಂದ ಎಮ್ಮಿಗನೂರಿನ ಮೇಲೆ ಸುಮಾರು 100 ಕಿಲೋಮೀಟರ್. ಹೊಳಗುಂದದ ಮಕ್ಕಳಿಗೆ ಇನ್ನೂ ದೂರ, ಬಳ್ಳಾರಿಯೇ ಅವರಿಗೆ ಹತ್ತಿರ. ಆದರೆ ಗಡಿ ಗಡಿಯೇ, ಆಯ್ಕೆ ಕರ್ನೂಲಿನಲ್ಲಿ. ನಸುಕಿನ ಬಸ್ಸಿಗೆ ಹೋಗಿ ಇಳಿದ ಮಕ್ಕಳು ಬಿಸಿಲೇರಿದ ಮೇಲೆ ಓಡಬೇಕು. ಊರಲ್ಲಿ ಬರಿಗಾಲಲ್ಲಿ ಓಡಿದವರು ದೊಡ್ಡ ಪಂದ್ಯಗಳಲ್ಲಿ ಸಿಂಥೆಟಿಕ್ ಟ್ರ್ಯಾಕ್ ಮೇಲೆ ನಿಂತರೆ ಅಂಗಾಲು ಸುಡುತ್ತದೆ. ಬಸ್ಸಿನ ಖರ್ಚು, ಒಂದು ರಾತ್ರಿಯ ವಸತಿ, ಎರಡು ಊಟ, ಒಂದು ಜೊತೆ ಬೂಟು ಇಷ್ಟಕ್ಕೆ ಕೈ ಹಿಡಿದು ಎಷ್ಟೋ ಮಕ್ಕಳ ಓಟ ಮಂಡಲದಲ್ಲೇ ನಿಲ್ಲುತ್ತದೆ. ಅನೇಕ ಮಾಸ್ತರುಗಳು ತಮ್ಮ ಸಂಬಳದಿಂದಲೇ ಕೊಡುತ್ತಾರೆ. ಹೊಟ್ಟೆಯ ವಿಷಯದಲ್ಲಿ ಈಗ ಮೊದಲಿಗಿಂತ ಪರವಾಗಿಲ್ಲ. ಮಧ್ಯಾಹ್ನದ ಬಿಸಿಯೂಟ, ಶೇಂಗಾ-ಬೆಲ್ಲದ ಚಿಕ್ಕಿ ಶಾಲೆಗೆ ಬಂದವು, 2023ರಲ್ಲಿ ರಾಗಿ ಅಂಬಲಿಯನ್ನೂ ಸೇರಿಸಿದರು. ನಮ್ಮ ಸೀಮೆಯ ಶೇಂಗಾ ಹೀಗಾದರೂ ನಮ್ಮ ಸೀಮೆಯ ಮಕ್ಕಳ ಹೊಟ್ಟೆ ಸೇರಿತಲ್ಲ ಎಂದು ಸಮಾಧಾನ.

ಇನ್ನು ಮುಖ್ಯ ಮಾತು. ಹತ್ತಿ ಬಿಡಿಸುವ ಕಾಲ ಬಂತೆಂದರೆ ತರಗತಿಯ ಬೆಂಚುಗಳು ಖಾಲಿಯಾಗತೊಡಗುತ್ತವೆ. ಯಾರ್ಡಿನಲ್ಲಿ ಹತ್ತಿಯ ಗಾಡಿಗಳು ಸಾಲು ನಿಂತು ನಮಗೆ ಊಟಕ್ಕೂ ಬಿಡುವಿಲ್ಲದ ದಿನಗಳು ಅವು. ಊರಿನ ಹೊಲದ ಕೆಲಸ ಮುಗಿದ ಮೇಲೆ ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಹೊಳಗುಂದದ ಕಡೆಯ ಕೂಲಿ ಸಂಸಾರಗಳು ಗಂಟುಮೂಟೆ ಕಟ್ಟಿ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತವೆ. ಮಳೆ ಕೈಕೊಟ್ಟ ವರ್ಷ ಬೇಗ ಹೊರಡುತ್ತವೆ, ಹೆಚ್ಚು ಜನ ಹೊರಡುತ್ತಾರೆ. ಬೀಗ ಹಾಕಿದ ಮನೆಗಳ ಮುಂದೆ ಮುದುಕರು ಮಾತ್ರ ಉಳಿಯುತ್ತಾರೆ. ಹದಿಮೂರು ಹದಿನಾಲ್ಕರ ಮಗ ಅಥವಾ ಮಗಳು ಜೊತೆಗೆ ಬಂದರೆ ಒಂದು ಕೂಲಿ ಹೆಚ್ಚು, ಬಿಟ್ಟುಹೋದರೆ ನೋಡಿಕೊಳ್ಳುವವರಿಲ್ಲ. ತಂದೆತಾಯಿಯರನ್ನು ದೂರುವಂತಿಲ್ಲ. ರಾಜ್ಯ ಮಟ್ಟದ, ದೇಶ ಮಟ್ಟದ ಶಾಲಾ ಪಂದ್ಯಗಳು ಸಾಮಾನ್ಯವಾಗಿ ನಡೆಯುವುದೂ ಈ ತಿಂಗಳುಗಳಲ್ಲೇ.

ಈಚಿನ ಒಂದು ಜನವರಿ 26ರಂದು ಒಂದು ಹಳ್ಳಿಯ ಹೈಸ್ಕೂಲಿಗೆ ನಮ್ಮನ್ನು ಬಹುಮಾನ ಹಂಚಲು ಕರೆದಿದ್ದರು. ಸ್ಟೀಲ್ ಡಬ್ಬಿಗಳು ನಮ್ಮ ಅಂಗಡಿಯ ಲೆಕ್ಕದಲ್ಲೇ ಹೋಗಿದ್ದವು. 100 ಮೀಟರ್, 200 ಮೀಟರ್ ಎರಡರಲ್ಲೂ ಮೊದಲು ಬಂದ ಹುಡುಗಿಯ ಹೆಸರನ್ನು ಮಾಸ್ತರು ಮೈಕಿನಲ್ಲಿ ಕೂಗಿದರು. ಯಾರೂ ಏಳಲಿಲ್ಲ. ಮತ್ತೆ ಕೂಗಿದರು. ಹಿಂದಿನ ಸಾಲಿನಿಂದ ಒಂದು ಮಗು, ‘ಗುಂಟೂರಿಗೆ ಹೋಗ್ಯಾಳ್ರಿ ಸಾರ್, ಕಾಯಿ ಬಿಡಿಸಾಕ’ ಎಂದಿತು. ನಗುವವರು ನಕ್ಕರು. ಆ ಡಬ್ಬಿ ಮೇಜಿನ ಮೇಲೆಯೇ ಉಳಿಯಿತು. ಮುಂದಿನ ಹೆಸರುಗಳಲ್ಲೂ ಉಳಿದವು ಒಂದೆರಡಲ್ಲ. ರಿಲೇ ತಂಡದ ನಾಲ್ವರಲ್ಲಿ ಊರಲ್ಲಿದ್ದವಳು ಒಬ್ಬಳೇ. ಅವಳು ನಾಲ್ಕು ಡಬ್ಬಿಗಳನ್ನು ಎದೆಗೊತ್ತಿಕೊಂಡು ಇಳಿದು ಹೋದಳು. ಮೂರನ್ನು ಗೆಳತಿಯರಿಗೆ ಎತ್ತಿಡುತ್ತೇನೆ ಎಂದಳು.

ಬಹುಮಾನ ಕೊಡುವ ನಮ್ಮ ವರ್ತಕ ಬಂಧುಗಳಲ್ಲಿ ಒಂದು ವಿನಂತಿ. ಪಂದ್ಯಗಳು ಮುಗಿದಿರುವುದು ಮಳೆಗಾಲದಲ್ಲಿ. ಬಹುಮಾನವನ್ನು ನವೆಂಬರ್ 14ರ ಮಕ್ಕಳ ದಿನಾಚರಣೆಗೇ ಕೊಡಿಸಿ, ಅಷ್ಟು ಹೊತ್ತಿಗೆ ಇನ್ನೂ ಹಲವರು ಊರಲ್ಲಿರುತ್ತಾರೆ. ಡಬ್ಬಿಯ ಬದಲು ಬೂಟು ಕೊಟ್ಟರೂ ಆದೀತು.

ವಲಸೆ ಹೋದವರ ಮಕ್ಕಳಿಗೆಂದು ಸರ್ಕಾರ ಆಯಾ ಕಾಲಕ್ಕೆ ಹಂಗಾಮಿ ಹಾಸ್ಟೆಲುಗಳನ್ನು ತೆರೆಯುತ್ತದೆ. ತಂದೆತಾಯಿ ಹೊರಡುವ ಮೊದಲೇ ತೆರೆದರೆ ಮಗು ಉಳಿಯುತ್ತದೆ, ತಿಂಗಳು ತಡವಾದರೆ ಹಾಸ್ಟೆಲ್ ಇರುತ್ತದೆ, ಮಗು ಇರುವುದಿಲ್ಲ. ಹೆಣ್ಣುಮಕ್ಕಳಿಗೆ 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ, ಊಟ, ವಸತಿ ಅಲ್ಲಿಯೇ. ವಸತಿ ಇರುವ ಶಾಲೆಯ ತಂಡ ವರ್ಷ ಪೂರ್ತಿ ಒಡೆಯುವುದಿಲ್ಲ, ಅದೇ ನಾಲ್ವರು, ಅದೇ ಕೋಲು. ಇನ್ನೊಂದು ಲಾಭವೂ ಇದೆ. ಊರಲ್ಲಿ ಒಂಬತ್ತು, ಹತ್ತನೆಯ ತರಗತಿಗೆ ಬಂದ ಹುಡುಗಿಗೆ ಮದುವೆಯ ಮಾತು ಶುರುವಾಗುತ್ತದೆ. 2011ರ ಜನಗಣತಿಯಲ್ಲಿ ಕರ್ನೂಲು ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ಅರ್ಧದಷ್ಟೇ. ಅಂಥ ಕಡೆ ಮಗಳು ಆಂಧ್ರದ ಪರವಾಗಿ ಓಡಲು ಹೋಗುತ್ತಾಳೆ ಎಂದರೆ ಮನೆಯವರು ಒಂದು ವರ್ಷ ತಡೆಯುತ್ತಾರೆ. ಆ ಒಂದು ವರ್ಷ ದೊಡ್ಡದು. ಕ್ರೀಡಾ ಸರ್ಟಿಫಿಕೇಟಿಗೂ ಬೆಲೆ ಇದೆ. 2024ರ ಕೊನೆಯಲ್ಲಿ ಬಂದ ಆಂಧ್ರದ ಕ್ರೀಡಾ ನೀತಿಯಲ್ಲಿ ಸರ್ಕಾರಿ ನೌಕರಿಯ ಕ್ರೀಡಾ ಮೀಸಲನ್ನು ನೂರಕ್ಕೆ 2ರಿಂದ 3ಕ್ಕೆ ಏರಿಸಿದರು.

ಶಿವರಾತ್ರಿ ದಾಟಿದರೆ ಬಿಸಿಲು ಕಾಯತೊಡಗುತ್ತದೆ. ಹತ್ತನೆಯವರಿಗೆ ಪರೀಕ್ಷೆ, ಮಾರ್ಚ್ ನಡುವಿನಿಂದ ಒಪ್ಪೊತ್ತಿನ ಶಾಲೆ, ಏಪ್ರಿಲ್ ಕೊನೆಗೆ ರಜೆ. ಮೈದಾನದಲ್ಲಿ ಕತ್ತೆಗಳು ಮಲಗಿರುತ್ತವೆ. ಹತ್ತಿರ ಹತ್ತಿರ ಅದೇ ದಿನಗಳಲ್ಲಿ ಗುಂಟೂರಿಗೆ ಹೋದವರು ಒಬ್ಬೊಬ್ಬರಾಗಿ ಮರಳುತ್ತಾರೆ, ವರ್ಷದ ಖರ್ಚಿಗೆ ಮೆಣಸಿನಕಾಯಿಯ ಚೀಲ ಹೊತ್ತುಕೊಂಡು. ಬಜಾರಿನಲ್ಲಿ ಬಟ್ಟೆ ಅಂಗಡಿಗಳು ಒಂದು ವಾರ ತುಂಬಿರುತ್ತವೆ. ತಾಯಿಯ ಹಿಂದೆ ನಿಂತ ಮಕ್ಕಳು ಒಂದು ಗೇಣು ಉದ್ದವಾಗಿರುತ್ತಾರೆ, ಕೈಬೆರಳುಗಳು ಇನ್ನೂ ಖಾರಕ್ಕೆ ಉರಿಯುತ್ತಿರುತ್ತವೆ. ಡ್ರಿಲ್ ಮಾಸ್ತರು ಆ ವಾರ ಸುಮ್ಮನೆ ಬಜಾರಿನಲ್ಲಿ ಒಂದು ಸುತ್ತು ಹಾಕಿ, ಯಾರು ಯಾರು ಬಂದರು ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ.