ಬಿಸಿಲ ಸೀಮೆಯ ಮನೆಯಲ್ಲಿ ಹ್ಯಾಮ್‌ಸ್ಟರ್: ಪಂಜರ ಹೇಗಿರಬೇಕು?

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ ಆರಂಭವಾಗುತ್ತದೆ. ಸಾಕುಪ್ರಾಣಿ ಬೇಕೆಂದು ಮಕ್ಕಳು ಹಟ ಹಿಡಿಯುವುದು ಆಗಲೇ. ಬಿಸಿಲು ನೆತ್ತಿ ಸುಡುವುದೂ ಆಗಲೇ. ನಾಯಿ ಕಟ್ಟಲು ಜಾಗವಿಲ್ಲದ, ಬೆಕ್ಕು ಹಿರಿಯರಿಗೆ ಹಿಡಿಸದ ಮನೆಗಳಿಗೆ ಅಂಗೈಯಲ್ಲಿ ಹಿಡಿಯುವ ಸಿರಿಯನ್ ಹ್ಯಾಮ್‌ಸ್ಟರ್ ಸುಲಭದ ಆಯ್ಕೆಯಾಗಿ ಕಾಣುತ್ತದೆ. ಬೆಂಗಳೂರು ಅಥವಾ ತುಮಕೂರಿಗೆ ಹೋದವರು ಪ್ರಾಣಿಯ ಜತೆಗೆ ಅಂಗಡಿಯಲ್ಲಿ ತೂಗುಹಾಕಿದ ಬಣ್ಣದ ಪಂಜರವನ್ನೂ ಕೊಂಡು ತರುತ್ತಾರೆ. ಎರಡು ಮೂರು ವರ್ಷ ಬದುಕಬಹುದಾದ ಜೀವ ಮೊದಲ ಬೇಸಿಗೆಯನ್ನು ದಾಟುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಪಂಜರವನ್ನೂ ಅದನ್ನಿಡುವ ಸ್ಥಳವನ್ನೂ ಅವಲಂಬಿಸಿದೆ.

ಬಿಲವಾಸಿಯ ಸ್ವಭಾವ

ಪಂಜರದ ಅಳತೆಗೆ ಮುನ್ನ ಪ್ರಾಣಿಯ ಮೂಲವನ್ನು ಅರಿಯುವುದು ಒಳಿತು. ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿಯ ಗೋಧಿ ಹೊಲವೊಂದನ್ನು ಅಗೆಸಿ, ತಾಯಿ ಹ್ಯಾಮ್‌ಸ್ಟರ್ ಮತ್ತು ಅದರ ಮರಿಗಳನ್ನು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯಕ್ಕೆ ತಂದರು. ಜಗತ್ತಿನ ಪ್ರಯೋಗಾಲಯಗಳಲ್ಲಿ, ಮನೆಗಳಲ್ಲಿ ಇಂದು ಇರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳ ಬಹುಪಾಲು ಆ ಒಂದು ಸಂಸಾರದ ಸಂತತಿ. ತವರಿನಲ್ಲಿ ಮಾತ್ರ ಅದು ಇಂದು ಅಳಿವಿನ ಭೀತಿ ಎದುರಿಸುತ್ತಿದೆ.

ಅಲೆಪ್ಪೊ ಸೀಮೆಯೂ ನಮ್ಮ ಪಾವಗಡದಂತೆ ಮಳೆ ಕಡಿಮೆಯ ನಾಡು. ಹಾಗಾದರೆ ಹ್ಯಾಮ್‌ಸ್ಟರ್‌ಗೆ ಬಿಸಿಲು ಹೊಸದೇನಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಉತ್ತರ ನೆಲದ ಕೆಳಗಿದೆ. ಅಲ್ಲಿನ ಬಿಲಗಳನ್ನು ಅಳೆದ ಸಂಶೋಧಕರಿಗೆ ಅವು 36ರಿಂದ 106 ಸೆಂಟಿಮೀಟರ್ ಆಳದಲ್ಲಿರುವುದು ಕಂಡುಬಂದಿತ್ತು. ಸರಾಸರಿ ಆಳ 65 ಸೆಂಟಿಮೀಟರ್. ಮೇಲೆ ಮಣ್ಣು ಕಾದರೂ ಆ ಆಳದಲ್ಲಿ ತಂಪು ಉಳಿಯುತ್ತದೆ. ಕಡಲೆಕಾಯಿ ಹೊಲದಲ್ಲಿ ಇಲಿಯ ಬಿಲ ಅಗೆದ ನಮ್ಮ ರೈತರಿಗೂ ಇದು ತಿಳಿದ ಸಂಗತಿಯೇ. ಹ್ಯಾಮ್‌ಸ್ಟರ್ ಬಿಸಿಲನ್ನು ತಾಳಿಕೊಳ್ಳುವ ಪ್ರಾಣಿಯಲ್ಲ, ಬಿಸಿಲಿನಿಂದ ತಪ್ಪಿಸಿಕೊಳ್ಳುವ ಪ್ರಾಣಿ. ಅದನ್ನು ಪಂಜರದಲ್ಲಿಟ್ಟಾಗ ನಾವು ಮೊದಲು ಕಸಿದುಕೊಳ್ಳುವುದು ಈ ದಾರಿಯನ್ನು. ಆದ್ದರಿಂದ ಒಳ್ಳೆಯ ಪಂಜರವೆಂದರೆ ಬಿಲಕ್ಕೆ ಬದಲಿಯಾಗಬಲ್ಲ ಪಂಜರ.

ಅಂಗಡಿಯ ಪಂಜರ ಏಕೆ ಸಾಲದು?

ಮಾರುಕಟ್ಟೆಯಲ್ಲಿ ಹ್ಯಾಮ್‌ಸ್ಟರ್ ಪಂಜರವೆಂದು ಸಿಗುವವುಗಳಲ್ಲಿ ಹೆಚ್ಚಿನವು ಒಂದು, ಒಂದೂವರೆ ಅಡಿ ಉದ್ದದ ತಂತಿಯ ಗೂಡುಗಳು. ಎರಡು ಮೂರು ಅಂತಸ್ತು, ಪ್ಲಾಸ್ಟಿಕ್ ಏಣಿ, ಅಂಗೈಯಗಲದ ಚಕ್ರ ಇವುಗಳ ಆಕರ್ಷಣೆ. ಆದರೆ ಹ್ಯಾಮ್‌ಸ್ಟರ್ ಮರ ಹತ್ತುವ ಅಳಿಲಲ್ಲ. ಅದರ ದೃಷ್ಟಿ ಮಂದ, ಎತ್ತರದ ಅಂದಾಜು ಇನ್ನೂ ಕಡಿಮೆ. ಮೇಲಿನ ಅಂತಸ್ತಿನಿಂದ ಬಿದ್ದು ಕಾಲು ಮುರಿದುಕೊಳ್ಳುವ ಅಪಾಯವಿದೆ. ತಂತಿಯ ನೆಲದಲ್ಲಿ ಪಾದ ಸಿಕ್ಕಿಕೊಂಡು ಗಾಯವಾಗುತ್ತದೆ. ತಳದ ತಟ್ಟೆ ಎರಡು ಮೂರು ಇಂಚಿನಷ್ಟೇ ಆಳವಿರುವುದರಿಂದ ಬಿಲ ತೋಡುವ ಮಾತೇ ಇಲ್ಲ.

ಇಂಥ ಪಂಜರದಲ್ಲಿ ಹ್ಯಾಮ್‌ಸ್ಟರ್ ರಾತ್ರಿಯಿಡೀ ತಂತಿ ಕಡಿಯುವುದನ್ನು ಮನೆಯವರು ಆಟವೆಂದು ಭಾವಿಸುವುದುಂಟು. ಸ್ವಿಟ್ಜರ್‌ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಅವರು ಹ್ಯಾಮ್‌ಸ್ಟರ್‌ಗಳನ್ನು 10, 40 ಮತ್ತು 80 ಸೆಂಟಿಮೀಟರ್ ದಪ್ಪದ ಹಾಸಿನ ಮೇಲೆ ಇಟ್ಟು ನೋಡಿದರು. ತಂತಿ ಕಡಿಯುವ ಚಾಳಿ 10 ಸೆಂಟಿಮೀಟರ್ ಹಾಸಿನ ಗುಂಪಿನಲ್ಲಿ ಗಮನಾರ್ಹವಾಗಿ ಹೆಚ್ಚಿತ್ತು. ಅಂದರೆ ತಂತಿ ಕಡಿಯುವುದು ಆಟವಲ್ಲ, ಅಸಹನೆಯ ಲಕ್ಷಣ.

ಅಳತೆ ಎಷ್ಟು?

ಜರ್ಮನಿಯ ಪ್ರಾಣಿ ಕಲ್ಯಾಣ ಪಶುವೈದ್ಯರ ಸಂಘ ಸೂಚಿಸಿರುವ ಕನಿಷ್ಠ ಅಳತೆ 100 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಎತ್ತರ. ನಮ್ಮ ಲೆಕ್ಕದಲ್ಲಿ ಮೂರೂಕಾಲು ಅಡಿ ಉದ್ದ, ಒಂದೂವರೆ ಅಡಿಗಿಂತ ತುಸು ಹೆಚ್ಚು ಅಗಲ. ಈ ಜಾಗ ಒಂದೇ ನೆಲದಲ್ಲಿ ಸಿಗಬೇಕು. ಅಂತಸ್ತುಗಳನ್ನು ಕೂಡಿಸಿ ಲೆಕ್ಕ ಹಾಕುವಂತಿಲ್ಲ. ತಂತಿಗಳ ನಡುವಿನ ಅಂತರ ಅರ್ಧ ಇಂಚು ಮೀರಬಾರದು. ತಲೆ ತೂರಿದ ಕಡೆ ಹ್ಯಾಮ್‌ಸ್ಟರ್‌ನ ಮೈಯೂ ತೂರುತ್ತದೆ.

ಒಂದು ಪಂಜರಕ್ಕೆ ಒಂದೇ ಹ್ಯಾಮ್‌ಸ್ಟರ್ ಎಂಬುದು ಮೀರಲಾಗದ ನಿಯಮ. ಜೋಡಿ ಇದ್ದರೆ ಚೆಂದ ಎಂಬ ಅಂಗಡಿಯವರ ಮಾತಿಗೆ ಮರುಳಾಗಬಾರದು. ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್‌ಗಳು ಒಂಟಿಯಾಗಿಯೇ ಬಾಳುತ್ತವೆ. ಜತೆಗಿಟ್ಟರೆ ಸಾಯುವವರೆಗೂ ಕಾದಾಡುತ್ತವೆ. ಗಂಡು ಹೆಣ್ಣನ್ನು ಕೂಡಿಟ್ಟರೆ 16 ದಿನಗಳ ಗರ್ಭಾವಧಿಯ ಬಳಿಕ ಮರಿಗಳ ದಂಡೇ ಎದುರಾಗುತ್ತದೆ.

ಊರಿನಲ್ಲೇ ಮಾಡಿಸಿಕೊಳ್ಳಿ

ಇಷ್ಟು ದೊಡ್ಡ ಪಂಜರ ಸಿದ್ಧ ರೂಪದಲ್ಲಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಆದರೆ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಬಡಗಿಗಳಿದ್ದಾರೆ, ಗಾಜು ಮತ್ತು ಪ್ಲೈವುಡ್ ಅಂಗಡಿಗಳಿವೆ. 8 ಅಡಿ ಉದ್ದ, 4 ಅಡಿ ಅಗಲದ ಒಂದೇ ಪ್ಲೈವುಡ್ ಹಲಗೆಯಲ್ಲಿ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪೆಟ್ಟಿಗೆ ಸಿದ್ಧವಾಗುತ್ತದೆ. ಹಲಗೆಯನ್ನು 4 ಅಡಿಗೆ 2 ಅಡಿಯಂತೆ ನಾಲ್ಕು ತುಂಡು ಮಾಡಿಸಿದರೆ ಒಂದು ತಳಕ್ಕೆ, ಒಂದು ಹಿಂಬದಿಗೆ. ಮೂರನೆಯದನ್ನು ಎರಡಾಗಿಸಿದರೆ ಎರಡು ಪಕ್ಕಗಳು. ನಾಲ್ಕನೆಯದರಲ್ಲಿ ಮುಂಬದಿಯ ಕೆಳ ಅರ್ಧ ಮತ್ತು ಮುಚ್ಚಳದ ಚೌಕಟ್ಟು. ಮುಂಬದಿಯ ಮೇಲರ್ಧಕ್ಕೆ ಗಾಜು, ಮುಚ್ಚಳಕ್ಕೆ ಅರ್ಧ ಇಂಚಿನ ವೆಲ್ಡ್‌ಮೆಶ್ ಜಾಲರಿ. ಕೋಳಿಗೂಡಿಗೆ ಬಳಸುವ ಅಗಲ ಕಣ್ಣಿನ ತೆಳು ಜಾಲರಿ ಇಲ್ಲಿಗೆ ಒಗ್ಗದು. ಒಳಗಿನ ಅಂಚುಗಳು ಹಲ್ಲಿಗೆ ಸಿಗದಂತೆ ನುಣುಪಾಗಿರಬೇಕು. ಬಣ್ಣ, ವಾರ್ನಿಷ್ ಬಳಿದಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ ಪ್ರಾಣಿಯನ್ನು ಬಿಡಬಾರದು.

ಮನೆಯಲ್ಲಿ ಹಳೆಯ ಮೀನಿನ ತೊಟ್ಟಿಯಿದ್ದರೆ, ಅಳತೆ ಸಾಕಷ್ಟಿದ್ದರೆ ಅದನ್ನೂ ಬಳಸಬಹುದು. ಗಾಜಿನ ತೊಟ್ಟಿಗೆ ಮೇಲಿನಿಂದಷ್ಟೇ ಗಾಳಿ ಬರುವುದರಿಂದ ಬೇಸಿಗೆಯಲ್ಲಿ ಒಳಗೆ ಬಿಸಿ ಕಟ್ಟಿಕೊಳ್ಳುತ್ತದೆ ಎಂಬ ಎಚ್ಚರವಿರಲಿ. ನಮ್ಮ ಸೀಮೆಗೆ ಮರದ ಪೆಟ್ಟಿಗೆಯೇ ಹೆಚ್ಚು ಸೂಕ್ತ.

ಕೈಗೆಟಕುವ ಬಾಗಿಲು

ಪಂಜರ ಕೊಳ್ಳುವಾಗ ಹೆಚ್ಚಿನವರು ಗಮನಿಸದ ಅಂಶ ಬಾಗಿಲು. ಸಣ್ಣ ಬಾಗಿಲಿನ ಪಂಜರವನ್ನು ಶುಚಿಗೊಳಿಸುವುದು ತ್ರಾಸದಾಯಕ. ತ್ರಾಸವಾದ ಕೆಲಸವನ್ನು ಮಕ್ಕಳು ವಾರದಲ್ಲೇ ಕೈಬಿಡುತ್ತಾರೆ. ದೊಡ್ಡವರ ಎರಡು ಕೈಗಳೂ ಸಲೀಸಾಗಿ ಹೋಗುವಷ್ಟು ಬಾಗಿಲು ಅಗಲವಿರಬೇಕು. ಮೇಲಿನಿಂದ ಇಳಿಯುವ ಕೈ ಹ್ಯಾಮ್‌ಸ್ಟರ್‌ಗೆ ಹದ್ದಿನಂತೆ ಕಾಣುತ್ತದೆ, ಅದು ಬೆದರಿ ಕಚ್ಚುತ್ತದೆ. ಆದ್ದರಿಂದ ಮುಚ್ಚಳದ ಜತೆಗೆ ಮುಂಬದಿಯಲ್ಲೂ ಒಂದು ಬಾಗಿಲಿರುವುದು ಲೇಸು. ಅದು ಹಾಸಿನ ಮಟ್ಟಕ್ಕಿಂತ ಮೇಲಿರಲಿ; ಇಲ್ಲವಾದರೆ ತೆರೆದೊಡನೆ ಹಾಸು ಹೊರಗೆ ಸುರಿಯುತ್ತದೆ. ಪೆಟ್ಟಿಗೆಯನ್ನು ಮಗುವಿನ ಎದೆಯೆತ್ತರದ ಗಟ್ಟಿ ಬೆಂಚಿನ ಮೇಲಿಟ್ಟರೆ ಹಿರಿಯರಿಗೂ ಬಗ್ಗುವ ಕಷ್ಟವಿಲ್ಲ. ಇರುವೆಗಳ ಕಾಟಕ್ಕೆ ಮನೆಯ ಹಳೆಯ ಉಪಾಯವೇ ಸಾಕು: ಬೆಂಚಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿಡುವುದು.

ಒಳಗೆ ಏನೇನು?

ಹಾಸು ಒಂದು ಕಡೆ ಅರ್ಧ ಅಡಿ, ಇನ್ನೊಂದು ಕಡೆ ಒಂದು ಅಡಿಯಂತೆ ಇಳಿಜಾರಾಗಿರಲಿ. ಶಾಯಿಯಿಲ್ಲದ ಕಾಗದದ ಚೂರು, ಒಣಹುಲ್ಲು, ರಾಸಾಯನಿಕ ಸೋಂಕದ ಮರದ ಸುರುಳಿ ಸಿಪ್ಪೆ ಬೆರೆಸಿ ಒತ್ತಿದರೆ ಸುರಂಗ ಕುಸಿಯದೆ ನಿಲ್ಲುತ್ತದೆ. ಗಾಢ ವಾಸನೆಯ ಪೈನ್, ಸೀಡರ್ ಮರದ ಹೊಟ್ಟು ಉಸಿರಾಟಕ್ಕೆ ತೊಂದರೆ ಕೊಡುತ್ತದೆ. ಹತ್ತಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಹೊಟ್ಟೆಗೆ ಹೋದರೆ ಕರುಳಿಗೆ ಅಡ್ಡವಾಗುತ್ತದೆ. ನಮ್ಮಲ್ಲಿ ಧಾರಾಳವಾಗಿ ಸಿಗುವ ಕಡಲೆಕಾಯಿ ಸಿಪ್ಪೆಯೂ ಬೇಡ. ತೇವ ತಾಕಿದರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟು ವಿಷಕಾರಿಯಾಗಿರಬಹುದು.

ಓಡುವ ಚಕ್ರ ಐಷಾರಾಮವಲ್ಲ, ಅಗತ್ಯ. ಅದರ ವ್ಯಾಸ 28 ಸೆಂಟಿಮೀಟರ್ ಆಸುಪಾಸಿನಲ್ಲಿರಬೇಕು, ಓಡುವ ಮೇಲ್ಮೈ ಕಂಬಿಗಳಿಲ್ಲದೆ ಪೂರ್ತಿ ಮುಚ್ಚಿರಬೇಕು. ಚಿಕ್ಕ ಚಕ್ರದಲ್ಲಿ ಬೆನ್ನು ಬಾಗಿಸಿ ಓಡುವುದರಿಂದ ಬೆನ್ನುಹುರಿಗೆ ಹಾನಿ. ತೂಕದ ವಸ್ತುಗಳನ್ನು ಹಾಸಿನ ಮೇಲಿಡದೆ, ಗಟ್ಟಿ ಕಾಲುಗಳ ಮೇಲೆ ನಿಲ್ಲಿಸಬೇಕು. ಅಡಿಯಲ್ಲಿ ಸುರಂಗ ತೋಡಿದಾಗ ಅವು ಪ್ರಾಣಿಯ ಮೇಲೆ ಕುಸಿಯುವ ಸಂಭವವಿದೆ.

ಬಿಸಿಲಿನ ಲೆಕ್ಕ

ಹ್ಯಾಮ್‌ಸ್ಟರ್‌ಗೆ ಹಿತವಾದ ಉಷ್ಣಾಂಶ 20ರಿಂದ 24 ಡಿಗ್ರಿ ಸೆಲ್ಸಿಯಸ್. 30 ದಾಟಿದರೆ ಅಪಾಯ ಆರಂಭ. ಪಾವಗಡ, ಶಿರಾ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿಯ ಹತ್ತಿರ ಸುಳಿಯುವುದು ಹೊಸತಲ್ಲ. ಸಿಮೆಂಟ್ ಶೀಟಿನ ಮಾಡಿನ ಕೋಣೆ, ಮಹಡಿಯ ಮೇಲಿನ ಕೋಣೆ, ಪಶ್ಚಿಮದ ಗೋಡೆಯ ಪಕ್ಕ, ಅಡುಗೆಮನೆ, ಫ್ರಿಜ್ಜಿನ ಹಿಂಬದಿ - ಇವಾವುವೂ ಪಂಜರಕ್ಕೆ ತಕ್ಕ ಜಾಗವಲ್ಲ. ಕೆಳಮನೆಯ ನಡುಕೋಣೆ, ಉತ್ತರ ಅಥವಾ ಪೂರ್ವದ ಮೂಲೆ, ನೇರ ಬಿಸಿಲು ಬೀಳದ ಸ್ಥಳ ಒಳ್ಳೆಯದು.

ಹ್ಯಾಮ್‌ಸ್ಟರ್ ಮನುಷ್ಯನಂತೆ ಬೆವರುವುದಿಲ್ಲ. ಫ್ಯಾನಿನ ಗಾಳಿ ಕೋಣೆಯ ಬಿಸಿಯನ್ನು ಹೊರಹಾಕಬಲ್ಲದು, ಅದರ ಮೈಯನ್ನು ತಂಪಾಗಿಸದು. ನೇರ ಗಾಳಿ ಬೀಸುವುದೂ ಬೇಡ. ವಿದ್ಯುತ್ ಕೈಕೊಟ್ಟಾಗಲೂ ನೆರವಾಗುವ ವಸ್ತುಗಳು ಮನೆಯಲ್ಲೇ ಇವೆ. ಹೊಳಪು ಲೇಪವಿಲ್ಲದ ಮಣ್ಣಿನ ಮಡಕೆಯನ್ನು ಮಗ್ಗುಲಾಗಿ ಮಲಗಿಸಿದರೆ ತಂಪು ಗೂಡಾಗುತ್ತದೆ. ಒಂದು ತುಂಡು ಕಡಪ ಕಲ್ಲು ಇಟ್ಟರೆ ಪ್ರಾಣಿ ಅದರ ಮೇಲೆ ಹೊಟ್ಟೆಯೂರಿ ಮಲಗುತ್ತದೆ. ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿಯನ್ನು ಪೆಟ್ಟಿಗೆಯ ಹೊರಗೋಡೆಗೆ ಒರಗಿಸಬಹುದು. ನೀರಿನ ಬಾಟಲಿಯ ಕೊಳವೆ ಕಟ್ಟಿಕೊಂಡಿಲ್ಲವೆಂದು ದಿನವೂ ಒತ್ತಿ ನೋಡಬೇಕು. ಹ್ಯಾಮ್‌ಸ್ಟರ್ ಚಪ್ಪಟೆಯಾಗಿ ಬಿದ್ದು ಏದುಸಿರು ಬಿಡುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ ಅದು ಬಿಸಿಲಾಘಾತ. ತಂಪು ಜಾಗಕ್ಕೆ ಒಯ್ದು ಒದ್ದೆ ಬಟ್ಟೆಯಿಂದ ಮೆಲ್ಲನೆ ತಣಿಸಬೇಕು, ಐಸ್ ನೀರಿನಲ್ಲಿ ಅದ್ದಬಾರದು. ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

ರಜೆಯಲ್ಲಿ ಅಜ್ಜಿಯ ಊರಿಗೆ ಹೊರಟವರು ಪಂಜರಕ್ಕೆ ಕಾಳು ಸುರಿದು ಬೀಗ ಹಾಕಿಕೊಂಡು ಹೋಗುವಂತಿಲ್ಲ. ಮುಚ್ಚಿದ ಮನೆ ತೆರೆದ ಮನೆಗಿಂತ ಹೆಚ್ಚು ಕಾಯುತ್ತದೆ. ನೆರೆಮನೆಯವರಿಗೆ ಒಪ್ಪಿಸುವ ಏರ್ಪಾಡು ಮೊದಲೇ ಆಗಿರಬೇಕು.

ಶುಚಿತ್ವ ಮತ್ತು ಕಾನೂನು

ಹ್ಯಾಮ್‌ಸ್ಟರ್ ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮೂತ್ರ ಮಾಡುತ್ತದೆ. ಆ ಮೂಲೆಯ ಹಾಸನ್ನು ದಿನವೂ ತೆಗೆದರೆ ವಾಸನೆ ಬಾರದು. ಇಡೀ ಹಾಸನ್ನು ಒಮ್ಮೆಲೇ ಬದಲಿಸಿದರೆ ತನ್ನದೇ ವಾಸನೆ ಕಳೆದುಕೊಂಡು ಅದು ಗಾಬರಿಗೊಳ್ಳುತ್ತದೆ; ಸ್ವಲ್ಪ ಸ್ವಲ್ಪವಾಗಿ ಬದಲಿಸುವುದು ಲೇಸು. ಮುಟ್ಟಿದ ಬಳಿಕ ಮಕ್ಕಳು ಸಾಬೂನಿನಿಂದ ಕೈ ತೊಳೆಯಲೇಬೇಕು.

ಗಿಳಿಯನ್ನು ಪಂಜರದಲ್ಲಿಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಹ್ಯಾಮ್‌ಸ್ಟರ್ ನಮ್ಮ ನೆಲದ ಪ್ರಾಣಿಯಲ್ಲವಾದ್ದರಿಂದ ಅದನ್ನು ಸಾಕಲು ಅಂಥ ನಿಷೇಧವಿಲ್ಲ. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಯಾವುದೇ ಪ್ರಾಣಿಯನ್ನು ಓಡಾಟಕ್ಕೆ ಸಾಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲಿ ಕೂಡಿಡುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಸಾಕುಪ್ರಾಣಿ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದು 2018ರ ನಿಯಮಗಳು ಹೇಳುತ್ತವೆ. ಕೊಳ್ಳುವ ಮುನ್ನ ನೋಂದಣಿ ಪತ್ರ ಕೇಳುವುದು ಗ್ರಾಹಕರ ಹಕ್ಕು.

ಕೊನೆಯದಾಗಿ ಒಂದು ಮಾತು. ಮೊದಲು ಪ್ರಾಣಿ, ಆಮೇಲೆ ಪಂಜರ ಎಂಬ ಕ್ರಮವನ್ನು ತಿರುಗಿಸಿಕೊಳ್ಳುವುದು ಜಾಣತನ. ಪೆಟ್ಟಿಗೆ ಮಾಡಿಸಿ, ಹಾಸು ತುಂಬಿ, ಇಡಬೇಕೆಂದಿರುವ ಮೂಲೆಯಲ್ಲಿ ಒಂದು ತಾಪಮಾಪಕವಿಟ್ಟು ಏಪ್ರಿಲ್ ಮಧ್ಯಾಹ್ನ ನಾಲ್ಕು ದಿನ ನೋಡಿ. ಅಲ್ಲಿನ ಬಿಸಿ 30 ಡಿಗ್ರಿಯ ಒಳಗೆ ನಿಲ್ಲದಿದ್ದರೆ ಆ ಮನೆ ಹ್ಯಾಮ್‌ಸ್ಟರ್‌ಗೆ ತಕ್ಕದ್ದಲ್ಲ. ಹಾಗೆಂದು ಮಗುವಿಗೆ ತಿಳಿಹೇಳಿ ಬೇಡವೆನ್ನುವುದೂ ಪ್ರಾಣಿದಯೆಯೇ.